ಕನ್ನಡಕವಿಲ್ಲದ ಕಾರಣಿಕ

ಮೈಲಮ್ಮ ಗಂಡನ ಹಲ್ಲಿನ ಸೆಟ್ಟನ್ನು ನಲ್ಲಿಯ ಕೆಳಗೆ ಹಿಡಿದು ತಿಕ್ಕುತ್ತಿದ್ದಳು. ಆಪರೇಷನ್ನಿಗೆ ಒಯ್ಯುವಾಗ ತೆಗೆದು ಕೈಚೀಲಕ್ಕೆ ಹಾಕಿದ್ದು, ಕನ್ನಡಕದ ಜೊತೆ ಅಲ್ಲೇ ಬಿದ್ದಿತ್ತು. ಅಷ್ಟರಲ್ಲಿ ವಾರ್ಡಿನಿಂದ ಅವಳ ತಮ್ಮ ಹನುಮಂತು ಓಡಿ ಬಂದ.

"ಅಕ್ಕಾ, ಲಗೂ ಬಾ! ಮಾಮನ ಮೈಮ್ಯಾಗ ಮೈಲಾರಲಿಂಗ ಬಂದಾನ. ಕಾರಣಿಕ ನುಡಿಯಾಕ ಹತ್ಯಾನ!"

"ಹಲ್ಲಿಲ್ಲದ ಬಾಯಾಗ ದೇವರು ಹೆಂಗ ನುಡಿತಾನೋ? ತಡಿ, ತೊಳಕೊಂಡು ಬರ್ತೀನಿ." ಬಾಯಿ ತಮಾಷೆ ಮಾಡಿತು; ನಲ್ಲಿ ನಿಲ್ಲಿಸುವುದನ್ನೂ ಮರೆತು ವಾರ್ಡಿಗೆ ಓಡಿದಳು.

ಮಕ್ತಲ್ ಕಡೆಯ ಹಳ್ಳಿಯಿಂದ ಮಾಳಿಂಗಪ್ಪನನ್ನು ನಾರಾಯಣಪೇಟೆಯ ಆಸ್ಪತ್ರೆಗೆ ಕರೆತಂದದ್ದು ಹರ್ನಿಯಾ ಆಪರೇಷನ್ನಿಗೆ. ಜೀವಮಾನವೆಲ್ಲ ಕುರಿ ಕಾಯ್ದ ಮುದುಕ. ಆಪರೇಷನ್ನಾದ ಮರುದಿನವೂ ಹೆಂಡತಿ ತಂದ ಚಹಾ ಸರಿಯಿಲ್ಲವೆಂದು ಹೆಸರಿಟ್ಟಿದ್ದ. ಅಂದರೆ ನೆಟ್ಟಗೇ ಇದ್ದ. ಈಗ ಮಂಚದ ಮೇಲೆ ಎದ್ದು ಕೂತು, ಕಿಟಕಿಯತ್ತ ಕೈಮಾಡಿ ಕೂಗುತ್ತಿದ್ದ.

"ಸುಮ್ಮಕಿರ್ರೋ! ಕರೇ ಕುರಿ ಕಟ್ಟಿ ಏರೇತಿ! ಪೆಂಟಕ್ಕಾ, ಬಾಗಿಲಾ ತೆಗಿ!"

ಪಕ್ಕದ ಮಂಚದವರು ಕೈಮುಗಿದು ನಿಂತಿದ್ದರು. ಹನುಮಂತು ಅರ್ಥ ಬಿಡಿಸಿದ. "ಕರೇ ಕುರಿ ಅಂದ್ರ ಮೋಡ. ಕಟ್ಟಿ ಅಂದ್ರ ಜೂರಾಲ. ಡ್ಯಾಮು ತುಂಬಿ ಬಾಗಿಲಾ ತೆಗಿತಾರ ಅಂತ. ದೇವರು ಬಂದ ಮನಿಷ್ಯಾನ್ನ ಇಲ್ಲಿ ಇಡಬಾರ್ದಕ್ಕಾ. ಆಟೋ ಹೇಳೀನಿ, ಗುಡಿಗೆ ಒಯ್ಯೂಣು."

ಮೈಲಮ್ಮ ಕಿಟಕಿ ನೋಡಿದಳು. ಕಟ್ಟೆಯ ಮೇಲೆ ಅವಳೇ ಒಣಹಾಕಿದ ಕರಿ ಕಂಬಳಿ.

"ಈ ದೇವರು ಬೆಳಿಗ್ಗೆ ಎಲ್ಲಿದ್ದ? ಬೆಳಿಗ್ಗೆ ನನ್ನ ಹೆಸರು ಹಿಡಿದು ಕರದ್ರು. ಮಧ್ಯಾಹ್ನ ‘ನೀ ಯಾರವ್ವಾ’ ಅಂದ್ರು. ಈಗ ಇದು. ಬಂದು ಹೋಗಿ ಮಾಡಾಕ ಇವನೇನು ದೇವರೋ, ಮಕ್ತಲ್ ಬಸ್ಸೋ?"

ಔಷಧಿ ಕೊಡುತ್ತಿದ್ದ ನರ್ಸ್ ಮಲ್ಲೇಶ್ವರಿ ತಿರುಗಿ ನಿಂತಳು. "ಅವ್ವಾ, ಅದನ್ನ ಇನ್ನೊಮ್ಮೆ ಹೇಳ್ರಿ. ನಿನ್ನೆ ಸರಿ ಇದ್ರು, ಒಮ್ಮಿಂದೊಮ್ಮೆಲೆ ಹಿಂಗಾತು, ಏರಿಳಿತೈತಿ, ಹೌದಲ್ರಿ?"

"ಹೌದ್ರಿ ತಾಯಿ. ಹಿರೇರು ಇದಕ್ಕ ಸನ್ನಿ ಅಂತಿದ್ರು."

"ಸನ್ನಿನ. ಹುಚ್ಚಲ್ಲ, ಅರಳುಮರಳೂ ಅಲ್ಲ. ಹಿಂದ ಏನೋ ಕಾರಣ ಇರ್ತೈತಿ. ಅದನ್ನ ಹುಡುಕಲಾರ್ದ, ಆಟೋದಾಗ ಒಯ್ದ್ರ ಜೀವಕ್ಕ ಕುತ್ತು."

ಡಾಕ್ಟರ್ ಭಾನುಪ್ರಕಾಶ ಬಂದರು. ಮೂತ್ರ ಪರೀಕ್ಷೆಯಲ್ಲಿ ಸೋಂಕು ಸಿಕ್ಕಿತು. ಮುದುಕ ನೀರು ಕುಡಿದದ್ದೂ ಕಡಿಮೆಯೇ. ಬೇರೆ ಯಾವ ಗುಳಿಗೆ ಕೊಟ್ಟಿದ್ದೀರಿ ಎಂದು ಕೇಳಿದಾಗ ಹನುಮಂತು ತಲೆ ಕೆರೆದುಕೊಂಡ.

"ಮಾಮ ಚಂದಾಗಿ ಮಲಗ್ಲಿ ಅಂತ... ಅಂಗಡ್ಯಾಗ ನಿದ್ದಿ ಗುಳಿಗಿ ತಂದು..."

"ಅಂದ್ರ ದೇವರನ್ನ ಕರ್ಸಿದಾಂವ ನೀನ!" ಎಂದಳು ಮೈಲಮ್ಮ. "ಕನ್ನಡಕ ಚೀಲದಾಗ ಇಟ್ಟು ಕಂಬಳಿನ ಕುರಿ ಮಾಡಿದಾಕಿ ನಾನು. ಇಬ್ರೂ ಪೂಜಾರಿಗಳಾ." ನಗುತ್ತ ಅಂದವಳು ನರ್ಸಿನ ಸೆರಗು ಹಿಡಿದಳು. "ಮೊದಲಿನ ಹಂಗ ಆಗ್ತಾರಲ್ರಿ?"

"ಬಾಳ ಮಂದಿ ಆಗ್ತಾರ. ಟೈಮ್ ಹಿಡಿತೈತಿ. ಔಷಧಿ ನಮ್ದು, ಉಳಿದದ್ದು ನಿಮ್ದು."

ಉಳಿದದ್ದು ಸಣ್ಣದಾಗಿರಲಿಲ್ಲ. ಮೈಲಮ್ಮ ಗಂಡನಿಗೆ ಕನ್ನಡಕ ಹಾಕಿದಳು, ಹಲ್ಲು ಕೂರಿಸಿದಳು, ಗುಟುಕು ಗುಟುಕಾಗಿ ನೀರು ಕುಡಿಸಿದಳು. ಹಗಲು ಬಿಸಿಲಿಗೆ ಕೂರಿಸಿ, ರಟ್ಟೆ ಹಿಡಿದು ವರಾಂಡದಲ್ಲಿ ನಡೆಸಿದಳು. ಸಂಜೆ ದೀಪ ಸಣ್ಣ ಮಾಡಿಸಿ, ಭವಿಷ್ಯ ಕೇಳಲು ಬಂದವರನ್ನು ಬಾಗಿಲಲ್ಲೇ ತಡೆದಳು. ಅವನು ಕಣ್ಣು ಬಿಟ್ಟಾಗಲೆಲ್ಲ ಅದೇ ಪಾಠ: "ನಾ ಮೈಲವ್ವ, ನಿಮ್ಮ ಹೇಂತಿ. ಇದು ಪ್ಯಾಟಿ ದವಾಖಾನಿ. ಅದು ಕುರಿ ಅಲ್ರಿ, ನಿಮ್ಮ ಕಂಬಳಿ." ಅವನು ಬೈದರೂ ವಾದಕ್ಕಿಳಿಯಲಿಲ್ಲ, ಮತ್ತೆ ಅದನ್ನೇ ಹೇಳಿದಳು.

ಒಂದು ಬೆಳಿಗ್ಗೆ ಮಾಳಿಂಗಪ್ಪ ಲೋಟ ಕೆಳಗಿಟ್ಟು ಮುಖ ಸಿಂಡರಿಸಿದ. "ಇದೇನ್ಲೇ, ಚಾನೋ ಕಲಗಚ್ಚೋ?" ಮೈಲಮ್ಮ ಆ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮನೆಗೆ ಬಂದ ಮೇಲೆ ಅವನು ಮೆಲ್ಲಗೆ ಕೇಳಿದ. "ಅಲ್ಲಿ ನಾ ಏನೇನಂದೆ?"

"ಜೂರಾಲ ತುಂಬಿಸಿದ್ರಿ."

"ಮತ್ತ?"

"ಪೆಂಟಕ್ಕನ ಬಾಗಿಲಾ ಬಡದ್ರಿ."

ಮಾಳಿಂಗಪ್ಪನ ಗದ್ವಾಲದ ಅಕ್ಕ ಈ ಪೆಂಟಮ್ಮ. ವರ್ಷಗಳ ಹಿಂದೆ ತನ್ನ ಮೊಮ್ಮಗನ ಜವಳದ ದಿನ ಇವನು ಡೊಳ್ಳಿನ ಪದ ಎತ್ತಿದಾಗ, "ಸಾಕು ಬಿಡೋ ತಮ್ಮಾ, ಕೂಸು ಅಂಜತೈತಿ" ಅಂದಿದ್ದಳು. ಇವನು ಉಣ್ಣದೆ ಎದ್ದು ಬಂದಿದ್ದ. ಅಕ್ಕನಿಗೆ ಕಿವಿ ಕೇಳಿಸದು, ಫೋನು ದಂಡ. ಅವಳ ಮೊಮ್ಮಗಳು ರಜಿತಾ ಓದಿ ಹೇಳಲೆಂದು ಮೈಲಮ್ಮನ ಕೈಯಲ್ಲಿ ರಾಜಿಯ ಕಾಗದ ಬರೆಸಿ, ಕೊನೆಯ ಸಾಲು ಸರಿಯಿಲ್ಲವೆಂದು ವರ್ಷಗಟ್ಟಲೆ ತಡೆದಿದ್ದ.

"ಅಕ್ಕ ತೆಗೆದ್ಲೇನು, ಬಾಗಿಲಾ?"

"ಗದ್ವಾಲದ ಬಾಗಿಲಾ ಪ್ಯಾಟ್ಯಾಗ ಕೂತು ಕೂಗಿದ್ರ ಹೆಂಗ ತೆಗಿತಾಳ್ರಿ?"

ಅವನು ನಕ್ಕ, ಹೊಲಿಗೆ ನೋವಾಗಿ ಹೊಟ್ಟೆ ಹಿಡಿದುಕೊಂಡ. "ಆ ಕಾಗದ ಹಾಕಿ ಬಾ."

"ಕೊನೀ ಸಾಲು?"

"ಇದ್ದಂಗ ಇರ್ಲಿ ಬಿಡ. ಮತ್ತ ಸನ್ನಿ ಬಂತಂದ್ರ ನಾ ಯಾರ್ನ ಕೂಗಲಿ?"

ಅವನ ಮನಸ್ಸು ಬದಲಾಗುವ ಮೊದಲೇ ಮೈಲಮ್ಮ ಮಕ್ತಲ್ ಬಸ್ಸು ಹತ್ತಿದಳು. ಅಂಚೆ ಕಚೇರಿಯಲ್ಲಿ ಚೀಟಿ ಅಂಟಿಸಿ, ಕೆಂಪು ಡಬ್ಬಿಯ ಬಾಯಿಗೆ ಕೈ ತೂರಿಸಿ, ಕಾಗದ ತಳಕ್ಕೆ ಬಿದ್ದ ಸದ್ದು ಕೇಳಿದ ಮೇಲೆಯೇ ಕೈ ಹೊರಗೆ ತೆಗೆದಳು.