ತುಂಬಲಾರದ ನಷ್ಟ

"ಸುಳ್ಳು ಸುದ್ದಿ ನಂಬಿ ಇಷ್ಟು ಜನ ಬಂದ್ಬಿಟ್ರಾ?" ನಗುತ್ತಲೇ ಅಕ್ಕನ ಮನೆಯ ಗೇಟು ತಳ್ಳಿ ತಮ್ಮ ಒಳಗೆ ಬಂದ. ಅಂಗಳದಲ್ಲಿದ್ದವರು ದಂಗಾದರು. ಬೆಳಿಗ್ಗೆಯಿಂದ ಬಸ್ಸು ಓಡಿಸುತ್ತಿದ್ದವನು ಯಾರ ಫೋನನ್ನೂ ಎತ್ತಿರಲಿಲ್ಲ. "ನೋಡಿ ಭಾವ, ಅಕ್ಕ ಬರೆದ ಪ್ರೋಗ್ರಾಮೇ ಹೇಳ್ತಿದೆ." ಮೊಬೈಲಿನಲ್ಲಿ ಅಕ್ಕನ ಸಾವಿನ ಸುದ್ದಿಯ ಮೇಲೆ ಕೆಂಪು ಪಟ್ಟಿಯಿತ್ತು: ಸುಳ್ಳು.

ಭಾವ ಅವನ ಕೈ ಹಿಡಿದು ಒಳಗೆ ಕರೆದೊಯ್ದರು. ನಡುಮನೆಯಲ್ಲಿ ಅಕ್ಕ ಮಲಗಿದ್ದಳು. ಬೆಳಿಗ್ಗೆ ಕಾಫಿ ಲೋಟ ಹಿಡಿದಿದ್ದ ಹಾಗೇ ಕುಸಿದಿದ್ದಳಂತೆ. ತಮ್ಮನ ಮುಖದಲ್ಲಿ ನಗು ಇನ್ನೂ ಉಳಿದಿತ್ತು. ಅದನ್ನು ಏನು ಮಾಡಬೇಕೆಂದು ಪಾಪ, ಅವನಿಗೇ ತಿಳಿಯಲಿಲ್ಲ.

*

ಅಕ್ಕನದು ಕ್ಷ-ಕಿರಣ ಖಗೋಳ ವಿಜ್ಞಾನ. ನೆರೆಯವರು ಮುರಿದ ಮೂಳೆಯ ಎಕ್ಸ್‌ರೇ ಹಿಡಿದು ಬಂದರೆ, "ನಾನು ನೋಡೋದು ನಕ್ಷತ್ರದ ಮೂಳೆ ಕಣ್ರೀ" ಎಂದು ನಗುತ್ತಿದ್ದಳು. ಕಿರಣಗಳು ಒಮ್ಮೆಲೇ ಉಕ್ಕಿದರೆ, ಸಿಡಿದದ್ದು ನಕ್ಷತ್ರವೋ ಇಲ್ಲ ಉಪಕರಣದ ಗದ್ದಲವೋ ಎಂದು ಬೇರ್ಪಡಿಸುವುದು ಅವಳ ಕೆಲಸ. ಮುಂದೆ ಅದೇ ಲೆಕ್ಕವನ್ನು ಜಾಲತಾಣದ ಗಾಳಿಸುದ್ದಿಗೂ ಹಚ್ಚಿ, ಸುಳ್ಳು-ನಿಜದ ಗುರುತು ಹಾಕುವ ಪ್ರೋಗ್ರಾಮ್ ಬರೆದಳು.

"ಒಂದೇ ಮಾತು ನೂರು ಬಾಯಲ್ಲಿ ಒಟ್ಟಿಗೆ ಬಂದ್ರೆ ಅದು ಗದ್ದಲ ಕಣೋ," ಎಂದಿದ್ದಳು ತಮ್ಮನಿಗೆ. "ಕಣ್ಣಾರೆ ಕಂಡವರು ತಮ್ಮ ತಮ್ಮ ಮಾತಲ್ಲಿ ಹೇಳ್ತಾರೆ."

*

"ಎಲ್ಲರೂ 'ತುಂಬಲಾರದ ನಷ್ಟ' ಅಂತಲೇ ಬರೆದಿದ್ದಾರೆ ಸಾರ್," ಅಕ್ಕನ ಶಿಷ್ಯೆ ಬಿಕ್ಕಿದಳು. "ನಾನೂ ಅದನ್ನೇ ಹಾಕಿದೆ. ಅದಕ್ಕೇ ಸುಳ್ಳು ಅಂತ ಬಂದಿದೆ."

"ಊರಲ್ಲಿ ನಿಮ್ಮಮ್ಮನೂ ಆ ಕೆಂಪು ಪಟ್ಟೀನೇ ಹಿಡ್ಕೊಂಡು ಕೂತಿದ್ದಾರೆ," ಎಂದರು ಭಾವ. "ನಾನು ಕಳಿಸಿದ ಕಾರು ಅವರ ಬಾಗಿಲಲ್ಲಿ ನಿಂತಿದೆ, ಹತ್ತುತ್ತಿಲ್ಲ. ಫೋನ್ ಮಾಡಿದ್ರೆ, 'ಅಳಿಯನ ದನಿ ಕದ್ದು ಮಾತಾಡ್ತೀಯೇನೋ ಕಳ್ಳ' ಅಂತ ಬೈದ್ರು. ಸಂಜೆಯೊಳಗೆ ಇವಳನ್ನ ಒಯ್ಯಬೇಕು. ಕೊನೇ ಸಲ ಮುಖ ನೋಡೋದು ಬೇಡ್ವಾ?"

ತಮ್ಮ ಕರೆ ಮಾಡಿದ.

"ಈಗ ಮಗನ ದನೀನೂ ಕದ್ರಾ?" ಎಂದರು ಅಮ್ಮ. "ನನ್ನ ಮಗಳ ಪ್ರೋಗ್ರಾಮ್ ಹಾಕಿದ ಗುರುತು ಬದಲಾಗಲಿ, ಆಗ ನಂಬ್ತೀನಿ." ಫೋನ್ ಇಟ್ಟರು.

"ಮನೆಯವರು ಯಾರಾದ್ರೂ ಸ್ವಂತ ಮಾತಲ್ಲಿ ಬರೆದ್ರೆ ಬದಲಾಗತ್ತೆ," ಎಂದಳು ಶಿಷ್ಯೆ.

ಅಕ್ಕನ ಕಾಲ ಬಳಿ ತಮ್ಮ ಕುಕ್ಕರಿಸಿ, ಒಂದು ಕೈಯನ್ನು ಹೊದಿಕೆಯೊಳಗೆ ತೂರಿಸಿದ. ಬಹಳ ಹೊತ್ತು ಅಲ್ಲೇ ಇಟ್ಟಿದ್ದ. ಆಮೇಲೆ ಆ ಸುದ್ದಿಯ ಕೆಳಗೆ ಬರೆದ:

"ಅಂಗಾಲಿಗೆ ಕಚಗುಳಿ ಇಟ್ಟೆ. ಅಕ್ಕ ಒದೀಲಿಲ್ಲ. ಹೊರಡಮ್ಮ."

ಕೆಂಪು ಪಟ್ಟಿ ಒಮ್ಮೆ ಮಿನುಗಿ ಹಸಿರಾಯಿತು: ನಿಜ. ತಮ್ಮ ಅದರ ಮೇಲೆ ಅಂಗೈ ಮುಚ್ಚಿದ. ಅಂಗೈಯ ಕೆಳಗೆ ಫೋನ್ ಹೊಡೆದುಕೊಳ್ಳತೊಡಗಿತು; ಅಮ್ಮನ ಕರೆ.