ಗದ್ದಲವೆಂದು ತೆಗೆದದ್ದು

ಹರಿಣಿ ಲ್ಯಾಪ್‌ಟಾಪ್ ತೆರೆದು ಮೂರು ನಿಮಿಷ ಆಗಿರಲಿಲ್ಲ, ಸಂಘದ ವೆಬ್‌ಸೈಟಿನಲ್ಲಿ ಅಧ್ಯಕ್ಷ ಕೊರಗಪ್ಪನವರ ಮುಖ ಮೂಡಿತು. ಅವರು ಇಲ್ಲಿ ಕೈ ಎತ್ತಿದರೆ ಅಲ್ಲೂ ಕೈ ಎತ್ತುತ್ತಿದ್ದರು. ಸಭೆಯಲ್ಲಿದ್ದ ಹನ್ನೊಂದು ಜನ ತಮ್ಮ ತಮ್ಮ ಫೋನಿನಲ್ಲಿ ನೋಡಿ ಚಪ್ಪಾಳೆ ತಟ್ಟಿದರು. ದೇವಾನಂದನೂ ತಟ್ಟಿದ. ತಟ್ಟದಿದ್ದರೆ ಎಲ್ಲರಿಗೂ ಗೊತ್ತಾಗುತ್ತದಲ್ಲ.

ಮಾಟುಂಗದ ಆ ಕನ್ನಡ ಸಂಘದ ವೆಬ್‌ಸೈಟನ್ನು ಒಂಬತ್ತು ವರ್ಷದಿಂದ ನೋಡಿಕೊಂಡು ಬಂದವನು ಅವನು. ಸಯನ್‌ನ ಒಂದು ಸಾಗಣೆ ಕಂಪನಿಯಲ್ಲಿ ಗುಮಾಸ್ತ. ರಾತ್ರಿ ಕಾಲೇಜಿನಲ್ಲಿ ಪದವಿ ಮಾಡಿ, ನಲವತ್ತು ದಾಟಿದ ಮೇಲೆ ಸಂಜೆ ತರಗತಿಗೆ ಹೋಗಿ ಕಂಪ್ಯೂಟರ್ ಕಲಿತವನು. ಹಾಗೆ ಕಲಿತವರಿಗೆ ಒಂದು ಭಯ ಇದ್ದೇ ಇರುತ್ತದೆ: ಹಗಲು ಕಲಿತವರಿಗೆ ಗೊತ್ತಿರುವ ಏನೋ ಒಂದು ತನಗೆ ಗೊತ್ತಿಲ್ಲ ಎಂದು.

ಸಂಘದ ತಾಳಮದ್ದಳೆಯನ್ನು ಇನ್ನು ಮೇಲೆ ವೆಬ್‌ಸೈಟಿನಲ್ಲಿ ನೇರವಾಗಿ ತೋರಿಸಬೇಕು, ಆಮೇಲೆ ಬೇಕಾದವರು ನೋಡಲು ಅಲ್ಲೇ ಉಳಿಸಬೇಕು, ಅದಕ್ಕೆ ಒಂದು ಸಾಫ್ಟ್‌ವೇರ್ ಆರಿಸಿ ಎಂದು ಸಮಿತಿ ಹೇಳಿದಾಗ ಅವನು ಆರು ವಾರ ಕುಳಿತ. ಐದು ಸಾಫ್ಟ್‌ವೇರ್‌ಗಳನ್ನು ಒಂದೊಂದಾಗಿ ಹಾಕಿ ನೋಡಿದ. ನೇರಪ್ರಸಾರ ಎಷ್ಟು ಸೆಕೆಂಡ್ ಹಿಂದೆ ಬೀಳುತ್ತದೆ, ಹಳೆಯ ಫೋನಿನಲ್ಲಿ ಓಡುತ್ತದೋ, ನಡುವೆ ಯಾರದೋ ಜಾಹೀರಾತು ನುಗ್ಗುತ್ತದೋ, ಮುನ್ನೂರು ಜನ ಒಟ್ಟಿಗೆ ಬಂದರೆ ಕುಸಿಯುತ್ತದೋ, ಎಲ್ಲ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಸಂಘದ ಸ್ವಂತ ಸರ್ವರಿನಲ್ಲೇ ಹಾಕಿಕೊಳ್ಳಬಹುದಾದ ಒಂದು ಅವನ ಮನಸ್ಸಿಗೆ ಹಿಡಿಸಿತು. ಸಭೆಯಲ್ಲಿ ಕೊರಗಪ್ಪನವರು ಕೇಳಿದ್ದು ಇಷ್ಟೇ:

"ಒಂದೇ ಮಾತಲ್ಲಿ ಹೇಳು ಮಾರಾಯ, ಯಾವುದು?"

"ಅದು ಹೇಗೆಂದರೆ ಕೊರಗಪ್ಪಣ್ಣ, ಮೊದಲನೆಯದಾಗಿ..."

"ಮೊದಲನೆಯದು ಎಂದರೆ ಎರಡನೆಯದೂ ಉಂಟು. ನನಗೆ ಗ್ರಾಂಟ್ ರೋಡಿನಲ್ಲಿ ಹೋಟೆಲ್ ಉಂಟು ದೇವಾ, ಹತ್ತು ಗಂಟೆಗೆ ಬಾಗಿಲು ಹಾಕಬೇಕು."

ಎಲ್ಲರೂ ನಕ್ಕರು. ಆಗ ಹರಿಣಿ ಮೂಲೆಯಿಂದ ಎದ್ದದ್ದು. ಇಪ್ಪತ್ತಾರರ ಹುಡುಗಿ, ಅಂಧೇರಿಯ ಯಾವುದೋ ಕಂಪನಿಯಲ್ಲಿ ಇಂಥದೇ ಕೆಲಸ. ಸಂಘಕ್ಕೆ ಸೇರಿ ನಾಲ್ಕು ತಿಂಗಳು. "ಅಂಕಲ್, ಸರ್ವರ್ ವಗೈರಾ ಯಾಕೆ? ರೆಡಿಮೇಡ್ ಸಿಗ್ತದೆ. ನಾನು ದಿಖಾವೂಂ?" ಎಂದಳು. ತೋರಿಸಿದಳು. ಚಪ್ಪಾಳೆ ಬಿತ್ತು. ಭಾನುವಾರದ ತಾಳಮದ್ದಳೆಯನ್ನು ಅವಳದ್ದರಲ್ಲೇ ಬಿಡೋಣ, ಸರಿ ಹೋದರೆ ಅದೇ ಕಾಯಂ ಎಂದು ಎರಡು ನಿಮಿಷದಲ್ಲಿ ತೀರ್ಮಾನವಾಯಿತು.

ಆ ಚಪ್ಪಾಳೆ ಅವನ ಕಿವಿಯಿಂದ ಇಳಿಯಲೇ ಇಲ್ಲ. ಲೋಕಲ್ ಹತ್ತಿದರೆ ಅದೇ, ಕಟ್ಟಡದ ಮೆಟ್ಟಿಲು ಹತ್ತಿದರೆ ಅದೇ. ಒಂಬತ್ತು ವರ್ಷದಲ್ಲಿ ತನಗೆ ಒಂದು ಕೈಯಾದರೂ ತಟ್ಟಿತ್ತೇ? ಮನೆಗೆ ಬಂದರೆ ಹೆಂಡತಿ ಮೋಹಿನಿಯೂ ಫೋನಿನಲ್ಲಿ, ವೆಬ್‌ಸೈಟಿನಲ್ಲಿ ಉಳಿದಿದ್ದ ಆ ಸಭೆಯ ವೀಡಿಯೊವನ್ನೇ ನೋಡುತ್ತಿದ್ದಳು.

"ಎಷ್ಟು ಚೊಕ್ಕ ಬಂದಿದೆ ನೋಡಿ! ಕೊರಗಪ್ಪಣ್ಣನ ಪಿಸುಮಾತೂ ಕೇಳ್ತದೆ. ಆ ಹುಡುಗಿ ಚುರುಕು ಅಲ್ವಾ?"

"ಊಟ ಬಡಿಸು" ಎಂದ.

ಶನಿವಾರ ಸಂಜೆ ಮೋಹಿನಿ ಮಾರ್ಕೆಟ್ಟಿಗೆ ಹೋದಾಗ ಅವನು ಆ ವೀಡಿಯೊವನ್ನು ಮತ್ತೆ ಹಾಕಿದ. ತಪ್ಪು ಹುಡುಕುವುದಕ್ಕೇ ಹಾಕಿದ ಎನ್ನುವುದನ್ನು ತನ್ನಿಂದಲೇ ಬಚ್ಚಿಡಲಿಲ್ಲ. ಮೂರನೇ ಸಲ ನೋಡುವಾಗ ಒಂದು ಸಂಗತಿ ಹೊಳೆಯಿತು. ಸಂಘದ ಹಾಲ್‌ನ ಫ್ಯಾನು ಗಿರಣಿಯಂತೆ ಕೂಗುವ ಫ್ಯಾನು. ಅದರ ಸದ್ದು ಎಲ್ಲಿ ಹೋಯಿತು?

ಹರಿಣಿ ಪಾಸ್‌ವರ್ಡ್ ಅವನಿಗೂ ಕೊಟ್ಟಿದ್ದಳು. ಒಳಗೆ ಹೋಗಿ, ಯಾರೂ ಓದದ ಸಹಾಯದ ಪುಟಗಳನ್ನು ಸಾಲುಸಾಲಾಗಿ ಓದಿದ. ಸಿಕ್ಕಿತು. ಹಿನ್ನೆಲೆಯ ಗದ್ದಲ ತೆಗೆಯುವ ಒಂದು ಗುಂಡಿ ಅದರಲ್ಲಿ ತಾನಾಗಿಯೇ ಚಾಲೂ ಇರುತ್ತಿತ್ತು. ಅದು ಮನುಷ್ಯನ ಮಾತನ್ನು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಗುಡಿಸಿ ಹಾಕುತ್ತಿತ್ತು. ಫ್ಯಾನು ಹೋದದ್ದು ಹಾಗೆ. ಹಾಗಾದರೆ ಮದ್ದಳೆ? ಶ್ರುತಿ?

ಆರು ವರ್ಷದ ಹಿಂದೆ ತಾನೇ ಹಿಡಿದಿಟ್ಟಿದ್ದ, ಭಾನುವಾರ ಹಾಡಲಿದ್ದ ಅಣ್ಣು ಭಾಗವತರ ಹಾಡೊಂದನ್ನು ಸ್ಪೀಕರಿನಲ್ಲಿ ಹಾಕಿ, ಹರಿಣಿಯ ಸಾಫ್ಟ್‌ವೇರ್ ಮೂಲಕ ಫೋನಿಗೆ ಮತ್ತೆ ಹಿಡಿದ. ಕೇಳಿದ. ಮದ್ದಳೆ ಪೂರಾ ಮಾಯ. ಶ್ರುತಿ ಮಾಯ. ಭಾಗವತರು ಸ್ವರವನ್ನು ಎಳೆದು ನಿಲ್ಲಿಸಿದ ಕಡೆಯಲ್ಲೆಲ್ಲ ಯಂತ್ರ ಅದನ್ನೂ ಫ್ಯಾನೆಂದೇ ತಿಳಿದು ಕತ್ತರಿಸಿತ್ತು.

ಅವನಿಗೆ ನಗು ಬಂತು. ಮೋಹಿನಿ ತರಕಾರಿ ಚೀಲ ಹಿಡಿದು ಬಾಗಿಲಲ್ಲಿ ನಿಂತದ್ದೂ ಗೊತ್ತಾಗಲಿಲ್ಲ.

"ಒಬ್ಬರೇ ಎಂಥ ನಗೆ?"

"ಏನಿಲ್ಲ."

ಗುಂಡಿ ಒತ್ತಿ ಅದನ್ನು ಬಂದ್ ಮಾಡುವುದು ಅರ್ಧ ನಿಮಿಷದ ಕೆಲಸ. ಹರಿಣಿಗೆ ಫೋನ್ ಮಾಡಿ ಹೇಳುವುದು ಒಂದು ನಿಮಿಷದ್ದು. ಅವನು ಎರಡನ್ನೂ ಮಾಡಲಿಲ್ಲ. ನನ್ನನ್ನು ಕೇಳಿದವರು ಯಾರು ಎಂದುಕೊಂಡ. ಆ ಮಾತು ತನಗೇ ಸರಿ ಕಾಣದಿದ್ದಾಗ ಇನ್ನೊಂದು ಹುಡುಕಿದ: ಅವಳಿಗೂ ಕಣ್ಣಿಲ್ಲವೇ, ಅವಳೇ ಓದಿಕೊಳ್ಳಲಿ.

ಭಾನುವಾರ ನಾಲ್ಕು ಗಂಟೆಗೆ ಹಾಲ್ ತುಂಬಿತು. ಹರಿಣಿ ಕ್ಯಾಮರಾ ನಿಲ್ಲಿಸಿ ವೇದಿಕೆಯ ಹತ್ತಿರ ಹೋಗಿ, "ತಾತ, ಸೌಂಡ್ ಚೆಕ್ ಕೇ ಲಿಯೇ ಎರಡು ಲೈನ್ ಹಾಡ್ತೀರಾ?" ಎಂದಳು.

ಅಣ್ಣು ಭಾಗವತರು ಮೂವತ್ತು ವರ್ಷ ಹೋಟೆಲ್ ಕೌಂಟರಿನಲ್ಲಿ ಕುಳಿತು, ರಜೆಯ ದಿನ ಹಾಡಿ ಹೆಸರು ಮಾಡಿದವರು. ಎಪ್ಪತ್ತನಾಲ್ಕು ವಯಸ್ಸು. ಅವರು ಹರಿಣಿಯನ್ನು ಮೇಲಿಂದ ಕೆಳಗೆ ನೋಡಿದರು. "ಗಣಪತಿಗೆ ಮೊದಲು ಮೈಕಿಗೆ ಹಾಡುವ ಕ್ರಮ ಇಲ್ಲ ಮಗಾ. ಮೊದಲ ಸ್ವರ ಅವನದ್ದು. ಮದ್ದಳೆಗೂ ಅದೇ ಲೆಕ್ಕ."

ಅವಳು ದೇವಾನಂದನ ಕಡೆ ತಿರುಗಿದಳು. "ಅಂಕಲ್, ನೀವೇ ಏನಾದ್ರೂ ಬೋಲೋ ನಾ."

ಅವನು ಮೈಕಿನ ಮುಂದೆ ಹಲೋ, ಹಲೋ, ಒಂದು, ಎರಡು ಎಂದ.

"ಏಕ್‌ದಂ ಕ್ಲಿಯರ್! ಬೇರೆ ಏನಾದ್ರೂ ನೋಡ್ಬೇಕಾ ಅಂಕಲ್? ನಿಮಗೆ ಎಕ್ಸ್‌ಪೀರಿಯನ್ಸ್ ಇದೆ."

ಅವಳು ನಿಜವಾಗಿಯೂ ಕೇಳುತ್ತಿದ್ದಳು. ಅದು ಅವನಿಗೆ ಕಂಡಿತು. "ಸಾಕು" ಎಂದ.

ಪ್ರಸಾರ ಶುರುವಾಯಿತು. ಹಾಲ್‌ನಲ್ಲಿದ್ದವರಿಗೆ ಮದ್ದಳೆ, ಚೆಂಡೆ, ಹಾಡು ಎಲ್ಲ ಎಂದಿನಂತೆ ಕೇಳುತ್ತಿತ್ತು. ದೇವಾನಂದ ಹಿಂದಿನ ಸಾಲಿನಲ್ಲಿ ಕುಳಿತು ಫೋನ್ ತೆರೆದ. ನೋಡುತ್ತಿದ್ದವರು ಇನ್ನೂರ ನಲವತ್ತು ಜನ. ಕೆಳಗೆ ಅವರ ಮಾತುಗಳು ಬೀಳತೊಡಗಿದವು. ಅವನು ಕಾಯುತ್ತಿದ್ದದ್ದು ಇದಕ್ಕೇ: ಇದೆಂಥ ಪ್ರಸಾರ, ಯಾರು ಮಾಡಿದ್ದು ಎಂದು ಯಾರಾದರೂ ಬೈಯುವುದಕ್ಕೆ.

'ಭಾಗವತರಿಗೆ ಹುಷಾರಿಲ್ಲವಾ?' ಎಂದು ಒಬ್ಬರು ಬರೆದರು.

'ಉಸಿರು ನಿಲ್ಲುತ್ತಿಲ್ಲ ಪಾಪ. ನಡುನಡುವೆ ಬಿಡುತ್ತಾರೆ' ಎಂದು ಇನ್ನೊಬ್ಬರು.

'ಮದ್ದಳೆಯವರೂ ಸುಮ್ಮನೆ ಕೂತ ಹಾಗಿದೆ. ವಯಸ್ಸಾದ ಮೇಲೆ ಗೌರವದಿಂದ ನಿಲ್ಲಿಸಬೇಕು.' ಇದಕ್ಕೆ ಹದಿನೆಂಟು ಜನರ ಒಪ್ಪಿಗೆ.

ಹರಿಣಿಯ ಹೆಸರು ಎಲ್ಲೂ ಇಲ್ಲ. ಯಂತ್ರದ ಹೆಸರೂ ಇಲ್ಲ. ದೇವಾನಂದ ತಲೆ ಎತ್ತಿ ವೇದಿಕೆ ನೋಡಿದ. ಭಾಗವತರು ಕಣ್ಣು ಮುಚ್ಚಿ ಸ್ವರವನ್ನು ಎಳೆದು ನಿಲ್ಲಿಸಿದ್ದರು. ಎಲ್ಲೂ ಒಡೆಯದ ಸ್ವರ. ಅವನ ಕೈಯಲ್ಲಿದ್ದ ಫೋನಿನಲ್ಲಿ ಅದೇ ಸ್ವರ ಚೂರುಚೂರಾಗಿ ಬೀಳುತ್ತಿತ್ತು.

ಇಪ್ಪತ್ತೆರಡು ನಿಮಿಷ ಆಗಿತ್ತು. ಅವನು ಕುರ್ಚಿಗಳಿಗೆ ಎಡವಿಕೊಂಡು ಹೋಗಿ ಹರಿಣಿಯ ಲ್ಯಾಪ್‌ಟಾಪಿಗೆ ಕೈ ಹಾಕಿ ಆ ಗುಂಡಿ ಬಂದ್ ಮಾಡಿದ. ಅಷ್ಟು ಹೊತ್ತು ಕ್ಯಾಮರಾದಲ್ಲೇ ಮುಳುಗಿದ್ದ ಅವಳು ಗುಂಡಿಯ ಹೆಸರು ನೋಡಿ, ಹೆಡ್‌ಫೋನ್ ಕಿವಿಗೆ ಹಿಡಿದು ಕೇಳಿ ಬೆಚ್ಚಿದಳು. "ಅರೇ! ಇಷ್ಟೊತ್ತು ಮದ್ದಳೆ ಹೋಗ್ತಾನೇ ಇರ್ಲಿಲ್ಲ? ಥ್ಯಾಂಕ್ಯೂ ಅಂಕಲ್. ನೀವಿಲ್ಲದಿದ್ರೆ ನಾನು ಸತ್ತೇ ಹೋಗ್ತಿದ್ದೆ."

ಚಹಾದ ಬಿಡುವಿನಲ್ಲಿ ಕೊರಗಪ್ಪನವರು ಅವನ ಬೆನ್ನಿಗೆ ಹೊಡೆದರು. "ಈ ಹುಡುಗಿ ಹೇಳಿದಳು ನೀನು ಸಮಯಕ್ಕೆ ಹಿಡಿದದ್ದು. ಹಳೆ ಹುಲಿ ಹಳೆ ಹುಲಿಯೇ! ಸಾಫ್ಟ್‌ವೇರ್ ಯಾವುದಾದರೂ ಇರಲಿ, ಉಸ್ತುವಾರಿ ನಿನ್ನದೇ." ಪಕ್ಕದಲ್ಲಿದ್ದ ಇಬ್ಬರು ಕೈ ತಟ್ಟಿದರು. ಆರು ವಾರದಿಂದ ಅವನು ಹಸಿದಿದ್ದದ್ದು ಇದಕ್ಕೇ. ಬಾಯಿಗೆ ಬಂದ ತುತ್ತನ್ನು ನುಂಗಲು ಆಗಲಿಲ್ಲ.

ಏಕೆಂದರೆ ಅಣ್ಣು ಭಾಗವತರು ವೇದಿಕೆ ಇಳಿದು ಪೇಟ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. "ಕುಂದಾಪುರದಿಂದ ತಂಗಿಯ ಮಗ ಫೋನ್ ಮಾಡಿದ. ನನ್ನ ಸ್ವರ ಬಿದ್ದಿದೆಯಂತೆ. ಊರವರೆಲ್ಲ ಬರೆದಿದ್ದಾರಂತೆ. ಉಳಿದರ್ಧಕ್ಕೆ ಬೇರೆಯವರನ್ನು ಕೂರಿಸಿ ಕೊರಗಪ್ಪ."

"ಛೆ ಛೆ, ಅದು ಮಿಷನಿನ ತಪ್ಪು ಭಾಗವತರೇ."

"ಸಾಂಬಾರ್ ಹಳಸಿಲ್ಲ ಎಂದು ಗಿರಾಕಿಗೆ ಹೇಳಿದ ಹಾಗೆ ಹೇಳಬೇಡ ಮಾರಾಯ. ಹಾಡುವವನಿಗೆ ತನ್ನ ಸ್ವರ ಬಿದ್ದದ್ದು ಕೊನೆಗೆ ಗೊತ್ತಾಗುವುದು."

ಹರಿಣಿ ಏನೇನೋ ವಿವರಿಸಿದಳು. ಅವರು ತಲೆಯಾಡಿಸಿದರು, ನಂಬಲಿಲ್ಲ. ಅವರನ್ನು ನಂಬಿಸುವ ವಸ್ತು ಇಡೀ ಹಾಲ್‌ನಲ್ಲಿ ಒಂದೇ ಇತ್ತು, ಅದು ದೇವಾನಂದನ ಜೇಬಿನ ಫೋನಿನಲ್ಲಿತ್ತು. ತೆಗೆದರೆ ಅದನ್ನು ಯಾವತ್ತು ಹಿಡಿದದ್ದು ಎನ್ನುವುದೂ ಹೊರಗೆ ಬೀಳುತ್ತದೆ. ಅವನು ಒಂದು ಲೋಟ ಚಹಾ ಪೂರ್ತಿ ಕುಡಿದ. ಆಮೇಲೆ ಹೋಗಿ ಭಾಗವತರ ಕಾಲ ಬಳಿ ನೆಲದ ಮೇಲೆ ಕುಳಿತ.

"ಇದನ್ನು ಕೇಳಿ. ಆರು ವರ್ಷದ ಹಿಂದೆ ನೀವು ಹಾಡಿದ್ದು. ಆಗ ನಿಮ್ಮ ಸ್ವರ ಹೇಗಿತ್ತು ಎನ್ನುವುದು ನಿಮಗೆ ಗೊತ್ತು."

ಭಾಗವತರು ಫೋನನ್ನು ಕಿವಿಗೆ ಒತ್ತಿಕೊಂಡರು. ಹಾಡು ಕತ್ತರಿಸಿ ಕತ್ತರಿಸಿ ಬಂತು. ಅವರ ಹುಬ್ಬು ಮೇಲೆದ್ದಿತು. "ಇದು ಸಯನ್‌ನ ಆಟದ್ದಲ್ವಾ? ಆವತ್ತು ನಾನು ಒಂದು ಕಡೆಯೂ ಉಸಿರು ಬಿಟ್ಟಿರಲಿಲ್ಲ!"

"ಬಿಟ್ಟಿರಲಿಲ್ಲ. ಅದನ್ನೂ ಈ ಯಂತ್ರ ಹೀಗೇ ಮಾಡಿತು. ನಿನ್ನೆ ಸಂಜೆ ನಾನೇ ಹಾಕಿ ನೋಡಿದೆ."

"ನಿನ್ನೆ?" ಎಂದರು ಕೊರಗಪ್ಪನವರು.

"ನಿನ್ನೆ. ಗೊತ್ತಿದ್ದೂ ಸುಮ್ಮನಿದ್ದೆ. ಇವಳದ್ದು ಕೆಡಲಿ ಎಂದು."

ಭಾಗವತರಿಗೆ ಆ ಮಾತಿನ ಎರಡನೇ ಭಾಗ ಕೇಳಿಸಿತೋ ಇಲ್ಲವೋ, ಅವರು ಇನ್ನೊಮ್ಮೆ ಹಾಡು ಕೇಳಿ, ಪೇಟ ತಲೆಗಿಟ್ಟು, "ಮದ್ದಳೆಯವನನ್ನು ಕರೆಯಿರಿ" ಎಂದು ವೇದಿಕೆಯ ಕಡೆ ನಡೆದರು. ಕೊರಗಪ್ಪನವರು ದೇವಾನಂದನ ಬೆನ್ನಿಗೆ ಹೊಡೆದಿದ್ದ ಕೈಯನ್ನು ಜೇಬಿಗೆ ಹಾಕಿಕೊಂಡು ಜನರತ್ತ ಹೋದರು.

ಹರಿಣಿ ಉಳಿದಳು. ಬೈಯುತ್ತಾಳೆ ಎಂದು ಅವನು ಕಾದ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳ ಕಣ್ಣಲ್ಲಿ ಒಂದು ಕ್ಷಣ ನೀರು ಕಂಡಿತು. "ಆ ಹಳೆ ರೆಕಾರ್ಡಿಂಗ್ ಇದೆಯಲ್ಲ, ಅಸಲಿದು, ಅದನ್ನ ಮೊದಲು ವೆಬ್‌ಸೈಟಿಗೆ ಹಾಕಿ ಅಂಕಲ್. ಕಮೆಂಟ್ ಬರೆದವರು ಕೇಳಲಿ" ಎಂದು ಲ್ಯಾಪ್‌ಟಾಪಿಗೆ ಮರಳಿದಳು.

ಆ ಉಪಾಯ ತನಗೆ ಹೊಳೆಯಬೇಕಿತ್ತು. ಸಿಟ್ಟಿನ ನಡುವೆಯೂ ಅವಳಿಗೆ ಹೊಳೆಯಿತಲ್ಲ ಎಂದು ಅವನಿಗೆ ಅದಕ್ಕೂ ಹೊಟ್ಟೆ ಉರಿಯಿತು.