ಪೂರ್ತಿ ಅಳತೆಯ ಮನೆ

ಕಾಗದದ ಮೇಲೆ ಸಣ್ಣದಾಗಿ ಬರೆದರೆ ಎಲ್ಲವೂ ಹಿಡಿಸುತ್ತದೆ, ಮೋಸ ಆಗುವುದೇ ಅಲ್ಲಿ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಬಟ್ಟೆ ಕತ್ತರಿಸಿದ ಹೆಂಗಸಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೋಳಾಗಲಿ ಕಾಲರಾಗಲಿ, ಅವಳು ಪೂರ್ತಿ ಅಳತೆಯಲ್ಲೇ ಬರೆದು, ಕಾಗದವನ್ನು ಒಂದು ಸಲ ಮೈಗೆ ಹಿಡಿದು ನೋಡಿದ ಮೇಲೆಯೇ ಬಟ್ಟೆಗೆ ಕತ್ತರಿ ಹಾಕುವವಳು. ಕಾರ್ಖಾನೆಯಲ್ಲಿ ಅವಳನ್ನು ಮಾಸ್ಟರ್ ಎನ್ನುತ್ತಿದ್ದರು. ಆ ಹೆಸರು ಮನೆಗೂ ನಡೆದುಬಂದಿತ್ತು. ಗಂಡನಂತೂ ಜಗಳ ಆಡುವಾಗಲೂ ಮಾಸ್ಟರ್ ಎಂದು ಕರೆದೇ ಜಗಳ ಆಡುತ್ತಿದ್ದ.

ಹಾಗಾಗಿ ಆ ಭಾನುವಾರ ಊಟವಾದ ಮೇಲೆ ಅವಳು ಟೇಪು, ಸೀಮೆಸುಣ್ಣದ ಬಿಲ್ಲೆ ಮತ್ತು ಒಂದು ನೋಟ್‌ಬುಕ್ಕು ಹಿಡಿದು ಬಾಡಿಗೆ ಮನೆಯ ತಾರಸಿ ಹತ್ತಿದಾಗ ಮನೆಯಲ್ಲಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಹೋದ ವಾರ ದೊಡ್ಡ ನಗರದಲ್ಲಿ ನೋಡಿಬಂದ ಮನೆಯನ್ನು ತಾರಸಿಯ ನೆಲದ ಮೇಲೆ ಇದ್ದಷ್ಟೇ ಗಾತ್ರದಲ್ಲಿ ಬರೆಯಬೇಕು, ಎಲ್ಲರೂ ಅದರೊಳಗೆ ಸ್ವಲ್ಪ ಹೊತ್ತು ನಿಂತು ಕೂತು ಓಡಾಡಿ ನೋಡಬೇಕು ಎಂಬುದು ಅವಳ ಯೋಜನೆ. ಹಿಡಿಸಿದರೆ ನಾಳೆ ಬೆಳಿಗ್ಗೆ ಆ ನಗರದಲ್ಲಿರುವ ಕಂಪನಿಯ ಕೇಂದ್ರ ಕಚೇರಿಗೆ ಫೋನು ಮಾಡಿ ಹೊಸ ಕೆಲಸಕ್ಕೆ ಬರುತ್ತೇನೆ ಎನ್ನುವುದು. ಹಿಡಿಸದಿದ್ದರೆ ಇಲ್ಲ ಎನ್ನುವುದು. ನಾಳೆಗೆ ಗಡುವು ಮುಗಿಯುತ್ತಿತ್ತು.

ಈ ಕೆಲಸ ಅವಳನ್ನು ಹುಡುಕಿಕೊಂಡು ಬಂದ ಬಗೆಯೇ ಒಂದು ತಮಾಷೆ. ಅಂಗಿಯ ಮಾದರಿಗಳು ಕೇಂದ್ರ ಕಚೇರಿಯಿಂದ ಬರುತ್ತಿದ್ದವು. ಇಲ್ಲಿಯವರು ಅದರಂತೆ ಕತ್ತರಿಸಿ ಹೊಲಿಯಬೇಕು, ತುಟಿಪಿಟಕ್ಕೆನ್ನಬಾರದು. ಆದರೆ ಆಸ್ಪತ್ರೆಯ ನರ್ಸುಗಳ ಅಂಗಿಯ ಕಂಕುಳು ಪ್ರತಿ ವರ್ಷವೂ ಬಿಗಿಯಾಗಿಯೇ ಬರುತ್ತಿತ್ತು. ದಿನವಿಡೀ ಕೈ ಎತ್ತಿ ಔಷಧಿಯ ಬಾಟಲಿ ನೇತುಹಾಕುವವರಿಗೆ ಕಂಕುಳು ಬಿಗಿದರೆ ಹೇಗೆ? ಇದನ್ನು ಬರೆದ ಮಹಾನುಭಾವ ಜನ್ಮದಲ್ಲಿ ಕೈ ಎತ್ತಿದವನಲ್ಲ ಎಂದು ಬೈದುಕೊಂಡು ಅವಳು ಪ್ರತಿ ಸಲವೂ ಅರ್ಧ ಅಂಗುಲ ಸಡಿಲಿಸಿ, ಹಾಗೆ ಮಾಡಿದ್ದು ಏಕೆಂದು ಒಂದು ಚೀಟಿ ಬರೆದು ಕಳಿಸುತ್ತಿದ್ದಳು. ಹನ್ನೊಂದು ವರ್ಷ ಚೀಟಿಗೆ ಉತ್ತರವಿಲ್ಲ. ಹನ್ನೆರಡನೆಯ ವರ್ಷ ಕಚೇರಿಗೆ ಹೊಸದಾಗಿ ಬಂದ ಯಾರೋ ಒಬ್ಬರು ಆ ಚೀಟಿಗಳ ಕಟ್ಟು ಬಿಚ್ಚಿ ಓದಿದರಂತೆ. ಈ ಹೆಂಗಸನ್ನು ಅಲ್ಲೇಕೆ ಇಟ್ಟಿದ್ದೀರಿ, ಇಲ್ಲಿಗೆ ಕರೆಸಿ ಎಂದರಂತೆ. ಮಾದರಿ ವಿಭಾಗದ ಮುಖ್ಯಸ್ಥೆಯ ಹುದ್ದೆ, ಈಗಿನದರ ಒಂದೂವರೆ ಪಟ್ಟು ಸಂಬಳ. ಎಲ್ಲಕ್ಕಿಂತ ಹೆಚ್ಚಾಗಿ, ಇನ್ನು ಮೇಲೆ ಬೇರೆಯವರ ತಪ್ಪು ತಿದ್ದುತ್ತ ಕೂರುವುದಿಲ್ಲ; ಮೊದಲ ಗೆರೆಯನ್ನೇ ಅವಳು ಎಳೆಯಬಹುದು. ಆ ಆಸೆ ಅವಳಿಗೆ ಎಷ್ಟಿತ್ತೆಂದರೆ, ಅದರ ಬಗ್ಗೆ ಮಾತಾಡಲೂ ನಾಚಿಕೆಯಾಗುತ್ತಿತ್ತು.

ಸುದ್ದಿ ಕೇಳಿ ಅವಳಿಗಿಂತ ಹೆಚ್ಚು ಹಿಗ್ಗಿದವನು ಗಂಡ. ಕೊಳಾಯಿ ರಿಪೇರಿ ಅವನ ಕೆಲಸ, ಸುತ್ತಲಿನವರ ಬಾಯಲ್ಲಿ ಅವನು ಕೊಳಾಯಿ ಡಾಕ್ಟ್ರು. ಯಾರ ಮನೆಯ ನಲ್ಲಿ ನೋಡಲು ಹೋದರೂ ಮೊದಲು ಹೆಂಡತಿಯ ಬಡ್ತಿಯ ವಿಷಯ ತೆಗೆದು, ಆಮೇಲೆ ಸ್ಪ್ಯಾನರು ತೆಗೆಯುತ್ತಿದ್ದ. ಮೂರೇ ದಿನದಲ್ಲಿ ಊರಿಗೆಲ್ಲ ಡಂಗುರ ಆಗಿತ್ತು. ತರಕಾರಿ ಅಂಗಡಿಯವನು ಕೂಡ ಅವಳನ್ನು ಕಂಡರೆ ಎದ್ದು ನಿಲ್ಲತೊಡಗಿದ.

ಆದರೆ ನಗರಕ್ಕೆ ಹೋಗಿ ಎರಡು ದಿನ ಏಳು ಮನೆ ಹತ್ತಿ ಇಳಿದವಳು ಅವಳು. ಕೊರಳಿಗೆ ಟೇಪು ಹಾಕಿಕೊಂಡು ಗೋಡೆ ಅಳೆಯುತ್ತಿದ್ದವಳನ್ನು ನೋಡಿ ಮನೆ ತೋರಿಸುವ ದಲ್ಲಾಳಿ, "ಮೇಡಂ, ಮನೆಗೆ ಅಂಗಿ ಹೊಲಿಸ್ತೀರಾ?" ಎಂದು ನಕ್ಕಿದ್ದ. ಬಾಡಿಗೆ ಕೇಳಿದಾಗ ನಗುವ ಸರದಿ ಯಾರದೂ ಆಗಿರಲಿಲ್ಲ. ಹೆಚ್ಚುವ ಅರ್ಧ ಸಂಬಳವನ್ನು ಬಾಡಿಗೆಯೊಂದೇ ನಿಂತ ಕಾಲಲ್ಲಿ ನುಂಗಿ, ಹಳೆಯ ಸಂಬಳಕ್ಕೂ ಬಾಯಿ ಹಾಕುತ್ತಿತ್ತು. ಬಸ್ಸು, ನೀರು, ಮಗಳ ಶಾಲೆ ಎಲ್ಲದಕ್ಕೂ ಇಲ್ಲಿಗಿಂತ ಎರಡರಷ್ಟು. ಕೈಗೆಟುಕುವಂಥದ್ದು ಎಂದು ಸಿಕ್ಕಿದ್ದು ಏಳನೆಯದು, ನಾಲ್ಕನೇ ಮಹಡಿಯ ಎರಡು ಕೋಣೆ. ಅದೂ ಗಂಡನ ದುಡಿಮೆ ಈಗಿನಂತೆಯೇ ಬರುತ್ತಿದ್ದರೆ ಮಾತ್ರ. ಅವನ ಫೋನ್ ನಂಬರು ಈ ಊರಿನ ನಾನೂರು ಅಡುಗೆಮನೆಗಳ ಗೋಡೆಯ ಮೇಲಿತ್ತು. ಆ ನಗರದ ಒಂದು ಗೋಡೆಯ ಮೇಲೂ ಇರಲಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಟ್ಟು ಆಡಿರಲಿಲ್ಲ.

ತಾರಸಿಯಲ್ಲಿ ಟೇಪಿನ ಇನ್ನೊಂದು ತುದಿ ಹಿಡಿದದ್ದು ಹತ್ತನೇ ತರಗತಿಯ ಮಗಳು. ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು ಉಸ್ತುವಾರಿ ನಡೆಸಿದ್ದು ಅತ್ತೆ. ಮಗಳು ಹುಟ್ಟಿದ ಮೂರು ತಿಂಗಳಿಗೇ, "ನೀನು ಕೆಲಸಕ್ಕೆ ಹೋಗು, ಇದನ್ನ ನಾನು ನೋಡ್ಕೋತೀನಿ" ಎಂದು ಸೊಸೆಯನ್ನು ಕಾರ್ಖಾನೆಗೆ ಅಟ್ಟಿದ ಹೆಂಗಸು ಅವರು. ಮೊಮ್ಮಗಳು ಎಲ್ಲೋ ತಾನೂ ಅಲ್ಲೇ ಎಂದು ಕೇಳುವ ಮೊದಲೇ ಹೇಳಿಬಿಟ್ಟಿದ್ದರು.

"ಇದು ಹೊರಗಿನ ಕೋಣೆ," ಎಂದು ಅವಳು ನಾಲ್ಕು ಗೆರೆ ಎಳೆದಳು. "ಇಲ್ಲಿ ಬಾಗಿಲು. ಇಲ್ಲಿ ಅತ್ತೆಯ ಮಂಚ. ಕಿಟಕಿ ಕೆಳಗೆ ಇವಳ ಮೇಜು, ಪಕ್ಕದಲ್ಲಿ ಇವಳ ಹಾಸಿಗೆ. ಇದು ಬಚ್ಚಲು, ಕಕ್ಕಸು."

"ನನ್ನ ಮಂಚದ ಪಕ್ಕದಲ್ಲೇ ಕಕ್ಕಸಾ?" ಅತ್ತೆ ಕುರ್ಚಿಯಿಂದ ಬಗ್ಗಿ ನೋಡಿದರು. "ಒಳ್ಳೇದಾಯ್ತು ಬಿಡು. ಈ ವಯಸ್ಸಿಗೆ ಅದಕ್ಕಿಂತ ಹತ್ತಿರದ ನೆಂಟರು ಇನ್ಯಾರಿದಾರೆ."

ಮಗಳು ಬಿದ್ದು ಬಿದ್ದು ನಕ್ಕಳು. ತಾಯಿ ಅಡುಗೆಮನೆ ಬರೆದಳು, ಒಲೆ ಇಟ್ಟಳು. ಒಳಕೋಣೆ ಬರೆದಳು, ಎಂಟಡಿಗೆ ಏಳಡಿ. ಅದರಲ್ಲಿ ಬೀರು, ಬೀರುವಿನ ಬಾಗಿಲು ತೆರೆಯಲು ಜಾಗ, ಗೋಡೆಗೆ ತಾಗಿ ಮಂಚ. ನೋಟ್‌ಬುಕ್ಕು ನೋಡುವುದು, ಅಳೆಯುವುದು, ಗೆರೆ ಎಳೆಯುವುದು. ಕೆಲಸ ಹಿತವಾಗಿ ಸಾಗುತ್ತಿತ್ತು. ಬಿಸಿಲಲ್ಲಿ ಬೆವರು ಸುರಿಯುತ್ತಿದ್ದರೂ ಅವಳಿಗೆ ಎಷ್ಟೋ ದಿನಗಳ ಮೇಲೆ ಮನಸ್ಸು ಹಗುರ ಅನ್ನಿಸಿತು. ಮನೆ ಹಿಡಿಸುವ ಹಾಗೆ ಕಾಣುತ್ತಿತ್ತು.

ಯಾರದೋ ಮನೆಯ ಟ್ಯಾಂಕು ಸರಿ ಮಾಡಿ ಗಂಡ ಮೇಲೆ ಬಂದಾಗ ಅವನ ಪ್ಯಾಂಟು ಮೊಣಕಾಲವರೆಗೆ ಒದ್ದೆಯಾಗಿತ್ತು. ಸೀದಾ ಗೆರೆ ದಾಟಿ ನಡೆದ.

"ಅಪ್ಪಾ, ಗೋಡೆ!" ಎಂದು ಮಗಳು ಕಿರುಚಿದಳು.

ಅವನು ಬೆಚ್ಚಿದವನಂತೆ ಹಿಂದಕ್ಕೆ ಹಾರಿ, ಸುತ್ತಿಕೊಂಡು ಹೋಗಿ ಇಲ್ಲದ ಬಾಗಿಲು ತಟ್ಟಿದ. "ಮುಖ್ಯಸ್ಥೆ ಮೇಡಂ ಇದಾರಾ? ನಲ್ಲಿ ಸೋರ್ತಿದೆ ಅಂತ ಫೋನ್ ಮಾಡಿದ್ರಲ್ಲ." ಅಡುಗೆಮನೆಗೆ ಹೋಗಿ ನಲ್ಲಿ ಎಲ್ಲಿ, ಮೋರಿ ಎಲ್ಲಿ ಎಂದು ವಿಚಾರಿಸಿದ. ಅವಳು ತೋರಿಸಿದಳು. "ಇದನ್ನ ಕಟ್ಟಿದೋನು ಕುಡಿದು ಕಟ್ಟಿದಾನೆ. ನೀರು ಮೇಲಕ್ಕೆ ಹರೀಬೇಕು ಇಲ್ಲಿ," ಎಂದು ತಲೆಯಾಡಿಸಿದ. ತಾಯಿಯ ಮಂಚದ ಮೇಲೆ ಕೂತು ಎದ್ದ. ಒಳಕೋಣೆಗೆ ಹೋಗಿ, "ಅಬ್ಬ, ಸುಸ್ತಾಯ್ತು" ಎಂದು ಮಂಚದ ಗೆರೆಗಳ ನಡುವೆ ಅಂಗಾತ ಮಲಗಿದ.

ಅವನ ಬಲಗೈ, ಬಲಭುಜ ಗೆರೆಯ ಆಚೆಗಿದ್ದವು. ಸ್ವಲ್ಪ ಗೋಡೆಯ ಕಡೆ ಸರಿದ. ಹೇಗೋ ಒಬ್ಬನಿಗೆ ಹಿಡಿಸಿತು. ಪಕ್ಕದಲ್ಲಿ ಅಂಗೈಯಷ್ಟು ಜಾಗ ಉಳಿಯಿತು. ಎದ್ದು ಕೂತು ಜೇಬಿನಿಂದ ತನ್ನ ಸ್ಟೀಲ್ ಟೇಪು ತೆಗೆದ. ಕೊಳಾಯಿಯವನ ಜೇಬಿನಲ್ಲೂ ಒಂದು ಟೇಪು ಇದ್ದೇ ಇರುತ್ತದೆ. ಹೆಂಡತಿಯ ಲೆಕ್ಕದಲ್ಲಿ ತಪ್ಪು ಹಿಡಿಯುವ ಅವಕಾಶ ಮದುವೆಯಾದಾಗಿನಿಂದ ಸಿಕ್ಕಿರಲಿಲ್ಲ, ಅದಕ್ಕೇ ಅವನ ಮುಖದಲ್ಲಿ ತುಂಟನಗೆಯಿತ್ತು.

"ಮಾಸ್ಟರ್, ಸಿಕ್ಕಿಬಿದ್ದೆ ನೋಡು. ಎರಡೂವರೆ ಅಡಿ ಬರ್ದಿದೀಯ. ನಮ್ಮ ಮಂಚ ಐದಲ್ವಾ?"

ಹೌದಲ್ಲ, ಮರೆತೆ ಎನ್ನಲು ಅವಳು ಬಾಯಿ ತೆರೆದಳು. ಆದರೆ ಹತ್ತೊಂಬತ್ತು ವರ್ಷದಲ್ಲಿ ಅವಳ ಗೆರೆ ಒಂದು ನೂಲಿನಷ್ಟೂ ತಪ್ಪಿದ್ದಿಲ್ಲ. ಎರಡೂವರೆ ಅಡಿ ತಪ್ಪುತ್ತದೆಯೇ? ನೋಟ್‌ಬುಕ್ಕು ನೋಡಿದಳು. ಅಲ್ಲೂ ಎರಡೂವರೆ ಎಂದೇ ಇತ್ತು. ಹೋದ ವಾರ ಆ ಮನೆಯ ಒಳಕೋಣೆಯಲ್ಲಿ ನಿಂತು ತಾನೇ ಬರೆದದ್ದು. ಐದಡಿಯ ಮಂಚ ಹಾಕಿದರೆ ಬೀರುವಿನ ಬಾಗಿಲು ತೆರೆಯುವುದಿಲ್ಲ ಎಂದು ಆಗ ಅನ್ನಿಸಿತ್ತು. ಬಟ್ಟೆ ಸಾಲದಾದಾಗ ಕೈ ತಾನಾಗಿ ಮಾದರಿಯನ್ನು ಸರಿಸಿ ಉಳಿಸುವ ಹಾಗೆ ಅವಳ ಕೈ ಆ ಕ್ಷಣದಲ್ಲಿ ಒಬ್ಬರನ್ನು ಬಿಟ್ಟು ಜಾಗ ಉಳಿಸಿತ್ತು. ತಲೆಗೆ ತಿಳಿಸಿಯೂ ಇರಲಿಲ್ಲ.

ಈಗ ಇಡೀ ಮನೆಯನ್ನು ಹೊಸದಾಗಿ ನೋಡಿದಳು. ಅವನ ಸಾಮಾನಿನ ಪೆಟ್ಟಿಗೆಗೆ ಜಾಗ ಬರೆದಿರಲಿಲ್ಲ. ಪೈಪುಗಳಿಗೆ ಮೂಲೆ ಇರಲಿಲ್ಲ. ಮನೆ ಹಿಡಿಸಿದ್ದು ಯಾಕೆಂದು ಈಗ ಗೊತ್ತಾಯಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅತ್ತೆ ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಕುರ್ಚಿಯಿಂದ ಎದ್ದು, "ಬಾರೇ, ಒಣಗಿದ ಬಟ್ಟೆ ಮಡಚೋದಿದೆ," ಎಂದು ಮೊಮ್ಮಗಳ ಕೈ ಹಿಡಿದು ಎಳೆದರು. ಬಟ್ಟೆಯೆಲ್ಲ ಅಲ್ಲೇ ತಂತಿಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಮಗಳು ಏನೋ ಹೇಳಹೋಗಿ, ಅಜ್ಜಿಯ ಕಣ್ಣು ನೋಡಿ ತೆಪ್ಪಗೆ ಇಳಿದಳು.

ಅವನು ಮಂಚದ ಗೆರೆಯೊಳಗೇ ಕೂತಿದ್ದ. ಟೇಪು ಸರ್ರೆಂದು ಒಳಗೆ ಹೋಯಿತು.

"ನಾನು ಇಲ್ಲೇ ಉಳಿಯೋದು ಅಂತ ಯಾವಾಗ ತೀರ್ಮಾನ ಆಯ್ತು?"

"ತೀರ್ಮಾನ ಅಂತ ಏನೂ ಮಾಡಿಲ್ಲ ರೀ."

"ಅಳತೆ ಆಗಿದೆಯಲ್ಲ."

"ಕೋಣೆ ಸಣ್ಣದು, ಅದಕ್ಕೇ..." ಎಂದು ಶುರು ಮಾಡಿದಳು. ತನ್ನ ಮಾತು ತನಗೇ ಕೇಳಲಾಗಲಿಲ್ಲ. "ಬೇಡ ಬಿಡಿ. ನಾಳೆ ಇಲ್ಲ ಅಂತ ಹೇಳಿಬಿಡ್ತೀನಿ. ಇಲ್ಲೇನು ಕಡಿಮೆಯಾಗಿದೆ ನನಗೆ? ಹೋಗ್ಲೇಬೇಕು ಅಂತ ನಾನೇನು ಕುಣೀತಿಲ್ಲ."

"ಸುಳ್ಳು ಹೇಳ್ಬೇಡ." ಈ ಸಲ ಮಾಸ್ಟರ್ ಎನ್ನಲಿಲ್ಲ. "ನೀನು ಇಲ್ಲ ಅಂದ್ರೆ ಅದು ನನ್ನ ತಲೆ ಮೇಲೆ ಬರುತ್ತೆ. ಇನ್ನು ಇಪ್ಪತ್ತು ವರ್ಷ ಊಟಕ್ಕೆ ಕೂತಾಗೆಲ್ಲ ನನ್ನ ಮುಖ ನೋಡಿ ನಿಟ್ಟುಸಿರು ಬಿಡ್ತೀಯ. ಆ ಭಾರ ನನಗೆ ಬೇಡ. ಹೋಗ್ಬೇಕು ಅಂತಿದ್ಯಾ ಇಲ್ವಾ, ಅಷ್ಟು ಹೇಳು."

ಅವಳು ನೋಟ್‌ಬುಕ್ಕು ಮುಚ್ಚಿದಳು.

"ಹೋಗ್ಬೇಕು ಅಂತಿದೆ."

"ನಾನು ಬರದಿದ್ರೂ?"

ಇವನನ್ನು ಬಿಟ್ಟು ಒಂದು ವಾರ ಇದ್ದವಳಲ್ಲ ಅವಳು. ಇವನ ತಮಾಷೆಯಿಲ್ಲದ ಮನೆ ಹೇಗಿರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಉತ್ತರ ಬದಲಾಗಲಿಲ್ಲ.

"ನೀವು ಬರದಿದ್ರೂ."

ಅವನು ತಲೆಯಾಡಿಸಿದ.

"ಮುಖಕ್ಕೆ ಹೇಳಿದ್ರೆ ಒಂದು ನಿಮಿಷದ ಮಾತು. ಅದಕ್ಕೆ ಒಂದು ಮನೆ ಕಟ್ಟಿ, ನನ್ನ ಕರೆಸಿ, ಮಲಗಿಸಿ ತೋರಿಸಬೇಕಾಯ್ತಾ?"

"ನನಗೇ ಗೊತ್ತಿರಲಿಲ್ಲ ರೀ. ನಿಜವಾಗ್ಲೂ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ ಅನ್ನೋದೇ ಜಾಸ್ತಿ ನೋವು." ಅವನು ಬೆರಳಿನಿಂದ ಗೆರೆಯನ್ನು ಮುಟ್ಟಿದ, ಅಳಿಸಲಿಲ್ಲ. "ಲೆಕ್ಕ ನಾನೂ ಹಾಕಿದ್ದೆ. ನಾನು ಇಲ್ಲಿದ್ರೇನೇ ನಿಮ್ಮ ಬಾಡಿಗೆ ಹುಟ್ಟೋದು. ಅಲ್ಲಿ ನನ್ನ ಕೇಳೋರು ಯಾರು? ಅದೆಲ್ಲ ಆವತ್ತೇ ಗೊತ್ತಿತ್ತು. ಆದ್ರೆ ನೀನು ಒಂದು ಸಲ 'ನೀವೂ ಬನ್ನಿ' ಅಂತೀಯ, ನಾನು 'ಬರಲ್ಲ, ನೀವು ಹೋಗಿ' ಅಂತೀನಿ ಅಂದ್ಕೊಂಡಿದ್ದೆ. ದಿನಾ ಸ್ನಾನ ಮಾಡುವಾಗ ಅದನ್ನ ಹೇಗೆ ಹೇಳೋದು ಅಂತ ಅಭ್ಯಾಸ ಮಾಡ್ತಿದ್ದೆ."

ಅವಳಿಗೆ ಅಳು ಒತ್ತಿ ಬಂತು. ಒಳಕೋಣೆಯ ಬಾಗಿಲ ಗೆರೆಯ ಹತ್ತಿರ ಕುಕ್ಕರಿಸಿ ಕೂತು, "ಈಗ ಕರೀತೀನಿ. ನೀವೂ ಬನ್ನಿ," ಎಂದಳು.

"ಈಗ ಬೇಡ," ಎಂದ ಅವನು. ಕೋಪವಿರಲಿಲ್ಲ ಆ ದನಿಯಲ್ಲಿ, ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಎದ್ದು ಪ್ಯಾಂಟಿಗೆ ಹತ್ತಿದ ಸೀಮೆಸುಣ್ಣದ ಪುಡಿ ಕೊಡವಿಕೊಂಡು, ಇನ್ನೊಂದು ಮನೆಯ ಕೆಲಸವಿದೆ ಎಂದು ಇಳಿದುಹೋದ. ಹೋಗುವಾಗ ಬಾಗಿಲ ಜಾಗದಿಂದಲೇ ಹೋದ.

ಸೋಮವಾರ ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿ ನಿಂತು ಕೇಂದ್ರ ಕಚೇರಿಗೆ ಫೋನು ಮಾಡಿದಳು. ಅವನು ಬಾಗಿಲಲ್ಲಿ ಕೂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಬರುತ್ತೇನೆ ಎಂದಳು. ಆ ಕಡೆಯ ಹೆಂಗಸು ಸಂತೋಷಪಟ್ಟು, ಸಾಮಾನು ಸಾಗಿಸುವ ಖರ್ಚು ಕಂಪನಿಯದೇ, ಅದಕ್ಕೊಂದು ಫಾರಂ ತುಂಬಬೇಕು, ಕುಟುಂಬದಲ್ಲಿ ಎಷ್ಟು ಜನ ಬರುತ್ತೀರಿ ಎಂದು ಕೇಳಿದಳು.

ಅವಳು ಫೋನು ಹಿಡಿದುಕೊಂಡೇ ಬಾಗಿಲ ಕಡೆ ತಿರುಗಿದಳು. ಅವನು ದಾರ ಕಟ್ಟುವುದನ್ನು ನಿಲ್ಲಿಸಿ ತಲೆಯೆತ್ತಿದ್ದ. ಅವನ ಕಣ್ಣು ತಪ್ಪಿಸದೆ, ಅವನಿಗೆ ಸರಿಯಾಗಿ ಕೇಳಿಸುವಷ್ಟು ಗಟ್ಟಿಯಾಗಿ, ಅವಳು "ಮೂರು ಜನ" ಎಂದಳು.